ಮೂರನೇ ಸುತ್ತಿಗೆ ಕಾಲು ಯಾಕೆ ಏಳುವುದಿಲ್ಲ? ಓಟದ ಆಚೆಗಿನ 23 ತಾಸುಗಳ ಸಮಗ್ರ ಮಾರ್ಗದರ್ಶಿ

ಬೆಳಗ್ಗೆ ಐದಕ್ಕೆ ಸಿಂಧನೂರಿನ ಸುತ್ತಮುತ್ತ ಎಡದಂಡೆ ಕಾಲುವೆ ರಸ್ತೆಗೆ ಬಂದರೆ ಓಡುವ ಹುಡುಗರು ಸಿಗುತ್ತಾರೆ. ಒಬ್ಬನ ಕೈಯಲ್ಲಿ ಮೊಬೈಲ್ ಟಾರ್ಚ್. ಇನ್ನೊಬ್ಬನ ಕಾಲಲ್ಲಿ ಅಣ್ಣನ ಹಳೇ ಶೂ. ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ: 1600 ಮೀಟರ್, ಅಂದರೆ 400 ಮೀಟರಿನ ನಾಲ್ಕು ಸುತ್ತು, ಆರೂವರೆ ನಿಮಿಷ. ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಯಲ್ಲಿ ಗಂಡುಮಕ್ಕಳಿಗೆ ಇರುವ ಓಟ ಅದು. ಹೆಣ್ಣುಮಕ್ಕಳಿಗೆ 400 ಮೀಟರ್, ಎರಡು ನಿಮಿಷ. ಅಗ್ನಿವೀರ ಆಗಬೇಕು ಅನ್ನುವವರಿಗೆ ಇನ್ನೂ ಬಿಗಿ. 1.6 ಕಿಲೋಮೀಟರಿಗೆ ಪೂರಾ 60 ಅಂಕ ಬೇಕಾದರೆ ಐದೂವರೆ ನಿಮಿಷದೊಳಗೆ ಮುಗಿಸಬೇಕು. ನಿಮ್ಮ ವರ್ಷದ ಅಧಿಸೂಚನೆಯನ್ನು ಒಮ್ಮೆ ನೋಡಿಕೊಳ್ಳಿ, ನಿಯಮ ಬದಲಾಗುತ್ತಿರುತ್ತವೆ.

ಹುಡುಗರು ನನ್ನ ಹತ್ತಿರ ಬಂದು ಹೇಳುವುದು ಹೆಚ್ಚೂಕಡಿಮೆ ಒಂದೇ ಮಾತು. "ಅಣ್ಣಾ, ಎರಡು ರೌಂಡ್ ಆರಾಮ್ ಹೊಡಿತೀನಿ. ಮೂರನೇದಕ್ಕ ಕಾಲು ಏಳಂಗಿಲ್ಲ."

ನನಗೂ ಹಾಗೇ ಆಗಿತ್ತು. ಮೊದಲ ಸಲ ಪರೀಕ್ಷೆಗೆ ಹೋದಾಗ 4 ಸೆಕೆಂಡ್ ತಡವಾಗಿ ಹೊರಗೆ ಬಿದ್ದೆ. ಸ್ಟಾಮಿನಾ ಸಾಲಲಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಎಷ್ಟೋ ದಿನ ಆದಮೇಲೆ ಕೂತು ಆ ದಿನದ ಲೆಕ್ಕ ಹಾಕಿದೆ. ಹಿಂದಿನ ರಾತ್ರಿ ಬಸ್ಸಿನ ಸೀಟಿನಲ್ಲಿ ಎರಡು ತಾಸು ನಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಮಿರ್ಚಿ. ಬೆಳಗ್ಗೆ ಖಾಲಿ ಹೊಟ್ಟೆಗೆ ಎರಡು ಚಹಾ. ಸೀಟಿ ಊದಿದ ತಕ್ಷಣ ಎಲ್ಲರ ಜೊತೆ ಕಿತ್ತುಕೊಂಡು ಓಡಿದೆ. ಸುತ್ತುಗಳ ಸಮಯ ಹಿಡಿದಿದ್ದ ಗೆಳೆಯ ಬರೆದುಕೊಟ್ಟ ಚೀಟಿ ಇನ್ನೂ ನನ್ನ ಹತ್ತಿರ ಇದೆ: 82, 95, 112, 105 ಸೆಕೆಂಡ್. ಮೂರನೇ ಸುತ್ತು ನೋಡಿ. ನಾನು ಫೇಲಾದದ್ದು ಅಲ್ಲಿ ಅಂತ ಕಾಣುತ್ತದೆ. ಆದರೆ ಫೇಲಾಗುವ ಕೆಲಸ ಹಿಂದಿನ ಸಂಜೆಯೇ ಶುರುವಾಗಿತ್ತು.

ಓಡುವುದು ದಿನಕ್ಕೆ ಒಂದು ತಾಸು. ಈ ಬರಹ ಇರುವುದು ಉಳಿದ 23 ತಾಸಿನ ಬಗ್ಗೆ, ಆಮೇಲೆ ಓಡುವಾಗ ತಲೆಯೊಳಗೆ ನಡೆಯುವ ಜಗಳದ ಬಗ್ಗೆ. ಕಬಡ್ಡಿ, ಕುಸ್ತಿ, ವಾಲಿಬಾಲ್ ಆಡುವವರಿಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ. ಎಂಟು ವಾರ ಕೈಯಲ್ಲಿ ಇದ್ದರೆ ಸಾಕು.

ಹೆಜ್ಜೆ 1: ಒಂದು ವಾರ ಏನೂ ಬದಲಿಸಬೇಡಿ, ಸುಮ್ನೆ ಬರೆಯಿರಿ

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. 2018ರಲ್ಲಿ ಶುರುವಾದದ್ದು. ಅಲ್ಲಿನ ಆಟಗಾರರ ನಿದ್ದೆ, ಊಟ, ದಣಿವು ಎಲ್ಲವನ್ನೂ ಅಳೆಯಲು ತಜ್ಞರಿದ್ದಾರೆ. ನಮಗೆ ಅದೆಲ್ಲ ಎಲ್ಲಿಂದ ಬರಬೇಕು? ಆದರೆ ಅಳೆಯುವ ಬುದ್ಧಿಯನ್ನು ಸಾಲ ತರಬಹುದು. ಒಂದು ಸಣ್ಣ ನೋಟ್‌ಬುಕ್ಕು ಸಾಕು.

ದಿನಕ್ಕೆ ಐದು ವಿಷಯ ಬರೆಯಿರಿ. ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ. ಎದ್ದ ತಕ್ಷಣ, ಹಾಸಿಗೆಯಲ್ಲೇ, ನಾಡಿ ಎಷ್ಟಿತ್ತು (30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ). ಏನು ತಿಂದಿರಿ, ಯಾವಾಗ ತಿಂದಿರಿ. ಎಷ್ಟು ನಿಮಿಷ ಓಡಿದಿರಿ, ಅದು ಹತ್ತಕ್ಕೆ ಎಷ್ಟು ಕಷ್ಟ ಅನಿಸಿತು. ಕೊನೆಗೆ, ಓಡುವ ಮೊದಲು ಮನಸ್ಸು ಹೇಗಿತ್ತು, ಒಂದೇ ಸಾಲಿನಲ್ಲಿ. "ಅಪ್ಪನ ಜೊತೆ ಜಗಳ" ಅಂತ ಬರೆದರೂ ಆಯಿತು.

ನಿಮಿಷವನ್ನು ಕಷ್ಟದ ಅಂಕದಿಂದ ಗುಣಿಸಿ. 40 ನಿಮಿಷ ಓಡಿ 5 ಅಂಕದ ಕಷ್ಟ ಅಂದರೆ 200. ವಾರದ್ದೆಲ್ಲ ಕೂಡಿಸಿದರೆ ಆ ವಾರದ ಹೊರೆ ಸಿಗುತ್ತದೆ. ಕ್ರೀಡಾ ವಿಜ್ಞಾನದವರು ನಿಜಕ್ಕೂ ಬಳಸುವ ಲೆಕ್ಕ ಇದು. ಒಂದು ವಾರ 1000 ಇದ್ದ ಹೊರೆ ಮುಂದಿನ ವಾರ ದಿಢೀರ್ ಅಂತ 1800 ಆದರೆ ಮೊಣಕಾಲ ಕೆಳಗಿನ ಎಲುಬು ನೋಯಲು ಶುರುವಾಗುತ್ತದೆ. ಅಧಿಸೂಚನೆ ಬಂದ ಮಾರನೇ ದಿನ ಹತ್ತು ಕಿಲೋಮೀಟರ್ ಓಡಿ ಒಂದು ತಿಂಗಳು ಕುಂಟಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎದ್ದಾಗಿನ ನಾಡಿ ಮಾಮೂಲಿಗಿಂತ ಏಳೆಂಟು ಜಾಸ್ತಿ ಇದ್ದರೆ ಮೈ ಇನ್ನೂ ಸುಧಾರಿಸಿಕೊಂಡಿಲ್ಲ, ಅಥವಾ ಜ್ವರ ಬರುವ ಹಾಗಿದೆ, ಅಥವಾ ನಿದ್ದೆ ಸಾಲಲಿಲ್ಲ. ಅವತ್ತು ಜೋರು ಓಟ ಬೇಡ.

ಹೆಜ್ಜೆ 2: ಮೊದಲು ನಿದ್ದೆ ಸರಿ ಮಾಡಿ

ನೋಟ್‌ಬುಕ್ ಒಂದು ವಾರ ಬರೆದ ಎಲ್ಲರಿಗೂ ಕಣ್ಣಿಗೆ ಹೊಡೆಯುವುದು ಇದೇ. ರಾತ್ರಿ ಹನ್ನೆರಡರವರೆಗೆ ರೀಲ್ಸ್, ಬೆಳಗ್ಗೆ ನಾಲ್ಕೂವರೆಗೆ ಅಲಾರಂ. ನಾಲ್ಕೂವರೆ ತಾಸು. "ಬೇಗ ಏಳ್ತೀನಿ" ಅನ್ನುವುದು ನಮ್ಮಲ್ಲಿ ದೊಡ್ಡ ಹೆಮ್ಮೆ. ಬೇಗ ಮಲಗುವುದರ ಬಗ್ಗೆ ಯಾರೂ ಹೆಮ್ಮೆ ಪಡುವುದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಬಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಐದರಿಂದ ಏಳು ವಾರ, ರಾತ್ರಿ 10 ತಾಸು ಹಾಸಿಗೆಯಲ್ಲಿ ಇರಿ ಅಂತ ಅವರಿಗೆ ಹೇಳಿದ್ದರು. ಅವರ ಓಟದ ಸಮಯ 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು. ಬುಟ್ಟಿಗೆ ಚೆಂಡು ಹಾಕುವ ಗುರಿ ಶೇಕಡಾ 9ರಷ್ಟು ಸುಧಾರಿಸಿತು. ಅದು ಸಣ್ಣ ಅಧ್ಯಯನ. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಹಾಗಾಗಿ ಅದೇ ವೇದವಾಕ್ಯ ಅನ್ನಲಾರೆ. ಆದರೆ ನಿದ್ದೆಗೆಟ್ಟ ಮೈಗೆ ಅದೇ ವೇಗದ ಓಟ ಹೆಚ್ಚು ಕಷ್ಟ ಅನಿಸುತ್ತದೆ ಅನ್ನುವುದು ಬೇರೆ ಬೇರೆ ಕಡೆ ಕಂಡುಬಂದ ಮಾತು. ಮೂರನೇ ಸುತ್ತಿನ ಗುಟ್ಟು ಇಲ್ಲೇ ಇದೆ. ಕಾಲಿನಲ್ಲಿ ಶಕ್ತಿ ಇದ್ದರೂ ತಲೆ "ಆಗಲ್ಲ" ಅಂತ ಬೇಗ ಕೈಚೆಲ್ಲುತ್ತದೆ.

13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ದೆ ಬೇಕು. ದೊಡ್ಡವರಿಗೆ 7ಕ್ಕಿಂತ ಕಡಿಮೆ ಆಗಬಾರದು. ಓಡುವವರು 8 ಅಂತ ಇಟ್ಟುಕೊಳ್ಳಿ.

ಮಾಡುವುದು ಹೇಗೆ? ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿ, ಭಾನುವಾರವೂ ಅದೇ. ಆಮೇಲೆ ಮಲಗುವ ಹೊತ್ತನ್ನು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದೆ ಸರಿಸುತ್ತಾ ಬನ್ನಿ. ಇವತ್ತು ಹನ್ನೆರಡಕ್ಕೆ ಮಲಗುವವರು ನಾಳೆಯೇ ಒಂಬತ್ತಕ್ಕೆ ಹಾಸಿಗೆ ಹಾಸಿದರೆ ಸುಮ್ನೆ ಮಾಳಿಗೆ ನೋಡುತ್ತಾ ಬಿದ್ದಿರಬೇಕಾಗುತ್ತದೆ. ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಅಲಾರಂಗೆ ಹಳೇ ಗಡಿಯಾರ ಕೊಂಡರೂ ನಷ್ಟವಿಲ್ಲ. ಚಹಾದಲ್ಲಿರುವ ಕೆಫೀನ್ ಐದಾರು ತಾಸು ಆದಮೇಲೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಸಂಜೆ ಏಳರ ಚಹಾ ಬಿಟ್ಟುಬಿಡಿ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವುದಾದರೆ ಸಂಜೆಯೇ ಎರಡು ಕೊಡ ನೀರು ಚೆಲ್ಲಿ, ಸೊಳ್ಳೆ ಪರದೆ ಕಟ್ಟಿ. ಇದನ್ನು ಹೇಳಿಕೊಡಬೇಕಾ ಅಂತ ನಗಬೇಡಿ. ಸೊಳ್ಳೆ ಕಚ್ಚಿಸಿಕೊಂಡು ನಾಲ್ಕು ಸಲ ಏಳುವವನಿಗೆ ಎಂಟು ತಾಸು ಅನ್ನುವುದು ಬರೀ ನೋಟ್‌ಬುಕ್ಕಿನ ಲೆಕ್ಕ.

ಇನ್ನೊಂದು ನಮ್ಮ ಕಡೆಯ ಸಮಸ್ಯೆ. ಪಂಪ್‌ಸೆಟ್ಟಿಗೆ ತ್ರೀ-ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಹೊಲಕ್ಕೆ ನೀರು ಕಟ್ಟಲು ಹೋಗಲೇಬೇಕು. ರೈಸ್ ಮಿಲ್ಲಿನಲ್ಲಿ ನೈಟ್ ಶಿಫ್ಟ್ ಮಾಡುವ ಹುಡುಗರೂ ಇದ್ದಾರೆ. ಅವರಿಗೆ "ಎಂಟು ತಾಸು ಮಲಗಪ್ಪಾ" ಅನ್ನುವುದು ಸುಲಭ. ನಾನು ಹೇಳುವುದು ಇಷ್ಟು: ರಾತ್ರಿ ಎದ್ದಿದ್ದ ದಿನ ಬೆಳಗಿನ ಜೋರು ಓಟ ರದ್ದು. ಮಧ್ಯಾಹ್ನ ಕತ್ತಲೆ ಮಾಡಿಕೊಂಡು ಒಂದೂವರೆ ತಾಸು ಮಲಗಿ, ಸಂಜೆ ನಿಧಾನಕ್ಕೆ ಓಡಿ. ಮಾಮೂಲಿ ದಿನ ಮಧ್ಯಾಹ್ನ 20-30 ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಆದರೆ ರಾತ್ರಿ ನಿದ್ದೆ ಹತ್ತುವುದಿಲ್ಲ.

ಹೆಜ್ಜೆ 3: ಬಿಸಿಲಿನ ಜೊತೆ ರಾಜಿ

ರಾಯಚೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಬಳ್ಳಾರಿಯವರೂ ಇದೇ ಜೋಕನ್ನು ತಮ್ಮದು ಅಂತಾರೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. "ನಾವು ಬಿಸಿಲಾಗ ಬೆಳೆದವರು, ನಮಗೇನಾಗ್ತದ" ಅನ್ನುವ ಧೈರ್ಯವೂ ಅದರ ಜೊತೆಗೇ ಬರುತ್ತದೆ. ನೆರಳಲ್ಲಿ ಕೂತು ಓದುವವನು ಬಿಸಿಲೂರಿನಲ್ಲಿ ಹುಟ್ಟಿದ ಮಾತ್ರಕ್ಕೆ ಬಿಸಿಲಲ್ಲಿ ಓಡಲು ತಯಾರಾಗಿರುವುದಿಲ್ಲ.

ಮೈ ಬಿಸಿಲಿಗೆ ಒಗ್ಗಲು 7ರಿಂದ 14 ದಿನ ಬೇಕು. ಆ ದಿನಗಳಲ್ಲಿ ಒಳಗೆ ನಿಜವಾದ ಬದಲಾವಣೆ ಆಗುತ್ತದೆ. ರಕ್ತದ ನೀರಿನಂಶ ಹೆಚ್ಚುತ್ತದೆ. ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಅದೇ ವೇಗಕ್ಕೆ ಎದೆ ಬಡಿತ ಇಳಿಯುತ್ತದೆ. ಪರೀಕ್ಷೆ ಬಿಸಿಲು ಏರಿದ ಮೇಲೆ ನಡೆಯುವ ಹಾಗಿದ್ದರೆ, ಎರಡು ವಾರ ಮೊದಲಿನಿಂದ ಎಂಟು ಗಂಟೆಯ ಬಿಸಿಲಲ್ಲಿ 20 ನಿಮಿಷ ನಿಧಾನ ಓಟದಿಂದ ಶುರುಮಾಡಿ. ದಿನಾ ಐದು ನಿಮಿಷ ಏರಿಸಿ. ಮಧ್ಯಾಹ್ನ ಓಡುವ ಶೂರತನ ಬೇಡವೇ ಬೇಡ.

ನೀರು ಎಷ್ಟು ಕುಡಿಯಬೇಕು ಅಂತ ಎಲ್ಲರೂ ಕೇಳುತ್ತಾರೆ. ತೂಕ ಹೇಳುತ್ತದೆ. ಓಡುವ ಮೊದಲು, ಓಡಿದ ಮೇಲೆ ತೂಗಿಕೊಳ್ಳಿ. ನಮ್ಮ ಗುಂಪು ದಲ್ಲಾಳಿ ಅಂಗಡಿಯಲ್ಲಿ ಭತ್ತದ ಚೀಲ ತೂಗುವ ಕಾಟಾ ಮೇಲೆ ಹತ್ತುತ್ತದೆ. ಹಮಾಲರು "ಎಷ್ಟು ಕ್ವಿಂಟಲ್ ಅದಿಯೋ" ಅಂತ ನಗುತ್ತಾರೆ, ನಗಲಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಅಂತ ಅರ್ಥ. ಮುಂದಿನ ಕೆಲವು ತಾಸಿನಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. 60 ಕಿಲೋ ಮನುಷ್ಯನಿಗೆ 1.2 ಕಿಲೋ, ಅಂದರೆ ಶೇಕಡಾ 2ಕ್ಕಿಂತ ಜಾಸ್ತಿ ಇಳಿದರೆ ಓಟ ಕೆಡುತ್ತದೆ.

ಬರೀ ನೀರು ಬೇಡ, ಉಪ್ಪೂ ಹೋಗಿರುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ನಿಂಬೆ ಶರಬತ್ತು ಎಲ್ಲವೂ ಒಳ್ಳೆಯದೇ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಸಪಾಟಾಗಿರಲಿ, ಗುಡ್ಡೆ ಮಾಡಬೇಡಿ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಚಹಾ ಬಣ್ಣಕ್ಕೆ ತಿರುಗಿದ್ದರೆ ನೀರು ಕಡಿಮೆಯಾಗಿದೆ.

ಇಲ್ಲಿ ಮನೋಬಲದ ಮಾತು ನಡೆಯುವುದಿಲ್ಲ. ಓಡುವಾಗ ತಲೆ ಸುತ್ತಿದರೆ, ವಾಂತಿ ಬಂದ ಹಾಗಾದರೆ, ಬಿಸಿಲಲ್ಲೂ ಮೈ ಜುಮ್ ಅಂತ ಚಳಿ ಬಂದ ಹಾಗಾದರೆ ನಿಲ್ಲಿ. ಜೊತೆಗಿದ್ದವನು ತೊದಲಿದರೆ, ಗೊಂದಲದಲ್ಲಿ ಏನೇನೋ ಮಾತಾಡಿದರೆ, ಬಿದ್ದರೆ, ಅದು ಬಿಸಿಲ ಹೊಡೆತ ಇರಬಹುದು. ನೆರಳಿಗೆ ಎಳೆದು ಮೈತುಂಬಾ ನೀರು ಸುರಿಯಿರಿ, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಆಂಬ್ಯುಲೆನ್ಸ್ ಬರುವವರೆಗೆ ನೀರು ಸುರಿಯುವುದು ನಿಲ್ಲಬಾರದು. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಬೇಡಿ.

ಹೆಜ್ಜೆ 4: ರೊಟ್ಟಿ ಸರಿಯಿದೆ, ಪಕ್ಕದ್ದು ಸಾಲದು

ಜೋಳದ ರೊಟ್ಟಿ ಓಡುವವರಿಗೆ ಕಡಿಮೆ ಊಟ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಓಟಕ್ಕೆ ಬೇಕಾದ ಇಂಧನ ಅದರಲ್ಲಿದೆ. ಕೊರತೆ ಇರುವುದು ಸಾಮಾನ್ಯವಾಗಿ ಪ್ರೋಟೀನಿನದು. ಓಡುವವರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದರೆ 72ರಿಂದ 96 ಗ್ರಾಂ.

ಡಬ್ಬಿ ಪುಡಿ ಇಲ್ಲದೆ ಇಷ್ಟು ಆಗುತ್ತಾ? ಲೆಕ್ಕ ಹಾಕೋಣ. ದಿನಕ್ಕೆ 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲೇ ಸುಮಾರು 30. ಹೆಸರುಕಾಳು, ಮಡಿಕೆಕಾಳು, ತೊಗರಿಬೇಳೆ ಎಲ್ಲ ಸೇರಿ 100 ಗ್ರಾಂ ಆದರೆ 22. ಒಂದು ಹಿಡಿಗಿಂತ ತುಸು ಜಾಸ್ತಿ ಶೇಂಗಾ, 50 ಗ್ರಾಂ ಅನ್ನಿ, 12. ಎರಡು ಮೊಟ್ಟೆ, 12. ಹಾಲು-ಮೊಸರು ಸೇರಿ ಅರ್ಧ ಲೀಟರ್, 16. ಒಟ್ಟು 92. ಮೊಟ್ಟೆ ತಿನ್ನದವರು ಕಾಳು, ಶೇಂಗಾ ಸ್ವಲ್ಪ ಏರಿಸಿದರೆ ಆಯಿತು. ಶೇಂಗಾ ಚಟ್ನಿಯನ್ನು ರೊಟ್ಟಿಗೆ ಸವರುವಷ್ಟು ಹಾಕಿಕೊಳ್ಳಬೇಡಿ, ಪಲ್ಯದ ಹಾಗೆ ತಿನ್ನಿ. ಜಿಮ್ಮಿನಲ್ಲಿ ಯಾರಾದರೂ "ಒಂದು ಇಂಜೆಕ್ಷನ್ ತಗೋ, ಸ್ಟಾಮಿನಾ ಬರ್ತದ" ಅಂದರೆ ಆ ಜಿಮ್ಮನ್ನೇ ಬಿಡಿ.

ಯಾವಾಗ ತಿನ್ನಬೇಕು ಅನ್ನುವುದೂ ಅಷ್ಟೇ ಮುಖ್ಯ. ಜೋರು ಓಟಕ್ಕೆ ಮೂರು ತಾಸು ಮೊದಲು ಹೊಟ್ಟೆ ತುಂಬಾ ಊಟ ಮುಗಿದಿರಬೇಕು. ಬೆಳಗ್ಗೆ ಐದಕ್ಕೆ ಓಡುವವರು ಎರಡಕ್ಕೆ ಎದ್ದು ಉಣ್ಣಲು ಆಗುವುದಿಲ್ಲ, ಒಂದು ಬಾಳೆಹಣ್ಣು ಅಥವಾ ಎರಡು ಖರ್ಜೂರ ಸಾಕು. ಓಡಿದ ಒಂದು ತಾಸಿನೊಳಗೆ ಸರಿಯಾದ ನಾಷ್ಟಾ ಆಗಲಿ. ಒಗ್ಗಾಣಿ-ಮಿರ್ಚಿ ನಮ್ಮ ಪ್ರಾಣ, ಒಪ್ಪುತ್ತೇನೆ. ಆದರೆ ಮಂಡಕ್ಕಿ ಹೆಚ್ಚೂಕಡಿಮೆ ಗಾಳಿ, ಮಿರ್ಚಿ ಹೆಚ್ಚೂಕಡಿಮೆ ಎಣ್ಣೆ. ವಾರಕ್ಕೊಮ್ಮೆ, ನಿಧಾನ ಓಟದ ದಿನ ತಿನ್ನಿ.

ಊಟ ಇಷ್ಟೊಂದು ದೊಡ್ಡ ವಿಷಯವಾ? 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ಓಡಿ ನಾಲ್ಕನೆಯವರಾದರು. ಕಂಚಿಗೂ ಅವರಿಗೂ ಇದ್ದ ಅಂತರ ಸೆಕೆಂಡಿನ ನೂರನೇ ಒಂದು ಪಾಲು. ಅಲ್ಲಿ ಒಗ್ಗುವ ಊಟ ಸಿಗದೆ ಗಂಜಿ-ಉಪ್ಪಿನಕಾಯಿಯಲ್ಲೇ ದಿನ ತಳ್ಳಬೇಕಾಯಿತು, ಕೊನೆಯ ಮೀಟರುಗಳಲ್ಲಿ ಅದರ ಪೆಟ್ಟು ಬಿತ್ತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಜನರಿಗೆ ರಕ್ತಹೀನತೆ ಇದೆ. "ನನಗೆ ಛಲ ಇಲ್ಲ, ಬೇಗ ಸುಸ್ತಾಗ್ತೀನಿ" ಅನ್ನುವ ಹುಡುಗಿಗೆ ಎಷ್ಟೋ ಸಲ ಕಡಿಮೆ ಇರುವುದು ಹಿಮೋಗ್ಲೋಬಿನ್. ಹೆಂಗಸರಿಗೆ ಅದು 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಹನಿ ರಕ್ತ ಕೊಟ್ಟು ನೋಡಿಸಿ. ಮಾತ್ರೆ ಕೊಟ್ಟರೆ ತಪ್ಪದೆ ತೆಗೆದುಕೊಳ್ಳಿ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಊಟದ ಹಿಂದೆಯೇ ಚಹಾ ಕುಡಿಯಬೇಡಿ. ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಮುಟ್ಟಿನ ದಿನ ಓಡಬಾರದು ಅಂತ ಏನಿಲ್ಲ, ಮೈ ಹೇಳಿದಷ್ಟು ಓಡಿ. ಆದರೆ ಓಟ ಜಾಸ್ತಿ ಮಾಡಿದ ಮೇಲೆ ಮೂರು ತಿಂಗಳು ಮುಟ್ಟೇ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಊಟ ಸಾಲುತ್ತಿಲ್ಲ ಅನ್ನುವುದಕ್ಕೆ ಅದು ದೊಡ್ಡ ಸೂಚನೆ.

ಹೆಜ್ಜೆ 5: ಗುಟ್ಕಾ, ಬೀಡಿ, ಎಣ್ಣೆ

ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬೀಡಿ-ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಷ್ಟು ಜಾಗದಲ್ಲಿ ಆಮ್ಲಜನಕ ಬರುವ ಹಾಗಿಲ್ಲ. ಗುಟ್ಕಾದ ನಿಕೋಟಿನ್ ಎದೆ ಬಡಿತ ಏರಿಸುತ್ತದೆ. ಕುಡಿದು ಮಲಗಿದವನಿಗೆ ನಿದ್ದೆ ಬಂದ ಹಾಗಿರುತ್ತದೆ, ಆದರೆ ಆ ನಿದ್ದೆ ಒಡೆದದ್ದು. ಬಿಡಲು ಕಷ್ಟವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಬಿಟ್ಟ ಮೊದಲ ವಾರ ಸಿಡಿಮಿಡಿ ಇರುತ್ತದೆ, ಅದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ.

ಹೆಜ್ಜೆ 6: ಓಟವನ್ನು ಹಂಚಿಕೊಳ್ಳಿ

ದಿನಾ ಜೀವ ಹೋಗುವ ಹಾಗೆ ಓಡುವುದೇ ಅಭ್ಯಾಸ ಅಂತ ನಮ್ಮ ಹುಡುಗರು ನಂಬಿದ್ದಾರೆ. ವಾರದಲ್ಲಿ ಎರಡೇ ದಿನ ಜೋರು ಓಟ ಇರಲಿ. ಉಳಿದದ್ದು, ಪಕ್ಕದವನ ಜೊತೆ ಪೂರಾ ವಾಕ್ಯ ಮಾತಾಡಿಕೊಂಡು ಓಡುವಷ್ಟು ನಿಧಾನ. ಮಾತು ತುಂಡಾದರೆ ವೇಗ ಜಾಸ್ತಿಯಾಯಿತು.

ಆರೂವರೆ ನಿಮಿಷದ ಗುರಿ ಇದ್ದವರಿಗೆ ನಾನು ಹೇಳುವುದು: ಮಂಗಳವಾರ 400 ಮೀಟರ್ ಐದಾರು ಸಲ, ತಲಾ 93-95 ಸೆಕೆಂಡ್, ನಡುವೆ ಎರಡು ನಿಮಿಷ ನಡಿಗೆ. ಶುಕ್ರವಾರ 1200 ಮೀಟರ್, ಪರೀಕ್ಷೆಯ ವೇಗದಲ್ಲಿ. ಮೂರನೇ ಸುತ್ತು ಹೇಗಿರುತ್ತದೆ ಅಂತ ಮೈಗೂ ಮನಸ್ಸಿಗೂ ಗುರುತಾಗುವುದು ಈ ಶುಕ್ರವಾರದಲ್ಲೇ. ಭಾನುವಾರ ಉದ್ದದ ನಿಧಾನ ಓಟ. ಗಂಗಾವತಿ, ಕೊಪ್ಪಳ ಕಡೆಯವರು ಅಂಜನಾದ್ರಿ ಹತ್ತಬಹುದು, 575 ಮೆಟ್ಟಿಲು. ಹತ್ತುವಾಗ ಏದುಸಿರು ಬರಲಿ, ಇಳಿಯುವಾಗ ಓಡಬೇಡಿ. ಮೊಣಕಾಲು ಕೆಡುವುದು ಇಳಿಯುವಾಗಲೇ. ವಾರಕ್ಕೆ ಒಂದು ದಿನ ಪೂರಾ ಬಿಡುವು.

ಹೆಜ್ಜೆ 7: ತಲೆಯೊಳಗಿನ ಓಟ

"ಮನಸ್ಸು ಮಾಡಿದರೆ ಏನು ಬೇಕಾದರೂ ಆಗುತ್ತದೆ" ಅನ್ನುವ ಭಾಷಣ ನನಗೆ ಸೇರುವುದಿಲ್ಲ. ಅದನ್ನು ಕೇಳಿ ಫೇಲಾದವನು "ನಾನು ಮನಸ್ಸು ಮಾಡಲಿಲ್ಲ" ಅಂತ ತನ್ನನ್ನೇ ಬೈದುಕೊಳ್ಳುತ್ತಾನೆ. ಈಜಿನ ಹಾಗೆ ಮನಸ್ಸನ್ನು ಹಿಡಿತದಲ್ಲಿಡುವುದೂ ಕಲಿಯುವ ಕೆಲಸ. ನಾಲ್ಕು ಅಭ್ಯಾಸ ಹೇಳುತ್ತೇನೆ. ನಾಲ್ಕನ್ನೂ ಒಟ್ಟಿಗೆ ಶುರುಮಾಡಬೇಡಿ.

ಮೊದಲನೆಯದು ಗುರಿಯನ್ನು ಒಡೆಯುವುದು. "ಪೊಲೀಸ್ ಆಗಬೇಕು" ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಎಷ್ಟು ಜನ ಬರುತ್ತಾರೆ, ಕಟ್ ಆಫ್ ಎಷ್ಟು, ಯಾವುದೂ ನಿಮ್ಮದಲ್ಲ. "6 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಬೇಕು" ಅನ್ನುವುದು ಅರ್ಧ ನಿಮ್ಮ ಕೈಯಲ್ಲಿದೆ. "ಮೊದಲ ಸುತ್ತು 94 ಸೆಕೆಂಡಿಗಿಂತ ಬೇಗ ಓಡಬಾರದು" ಅನ್ನುವುದು ಪೂರಾ ನಿಮ್ಮದು. ಓಡುವಾಗ ಈ ಕೊನೆಯ ಥರದ ಗುರಿ ಒಂದನ್ನೇ ತಲೆಯಲ್ಲಿಟ್ಟುಕೊಳ್ಳಿ. ಮೊದಲೆರಡನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು ಮುಚ್ಚಿಡಿ.

ಎರಡನೆಯದು "ಹೀಗಾದರೆ ಹೀಗೆ" ಅಂತ ಮೊದಲೇ ಬರೆದಿಟ್ಟುಕೊಳ್ಳುವುದು. ಎಲ್ಲರೂ ನನ್ನನ್ನು ದಾಟಿ ಹೋದರೆ, ನನ್ನ ಗಡಿಯಾರ ನೋಡುತ್ತೇನೆ. ಪಕ್ಕೆ ಹಿಡಿದರೆ, ನಾಲ್ಕು ಸಲ ಉದ್ದಕ್ಕೆ ಉಸಿರು ಬಿಡುತ್ತೇನೆ. 900 ಮೀಟರಿಗೆ "ಸಾಕು" ಅನಿಸಿದರೆ, ಮುಂದಿನ ತಿರುವಿನವರೆಗೆ ಮಾತ್ರ ಅಂತ ಹೇಳಿಕೊಳ್ಳುತ್ತೇನೆ. ಮನಶ್ಶಾಸ್ತ್ರದಲ್ಲಿ ಚೆನ್ನಾಗಿ ಪರೀಕ್ಷೆಯಾದ ಉಪಾಯ ಇದು. ದಣಿದ ತಲೆಗೆ ಹೊಸದಾಗಿ ಯೋಚಿಸುವ ಶಕ್ತಿ ಇರುವುದಿಲ್ಲ. ಮೊದಲೇ ತೀರ್ಮಾನ ಆಗಿದ್ದರೆ ಯೋಚಿಸುವ ಕೆಲಸವೇ ಉಳಿಯುವುದಿಲ್ಲ.

ಮೂರನೆಯದು ನಮ್ಮ ಜೊತೆ ನಾವೇ ಆಡುವ ಮಾತು. ಒಂದು ಶುಕ್ರವಾರ 1200 ಓಡಿದ ತಕ್ಷಣ, ಮೂರನೇ ಸುತ್ತಿನಲ್ಲಿ ತಲೆ ಏನೇನು ಹೇಳಿತು ಅಂತ ಹಾಗೇ ಬರೆಯಿರಿ. ನನ್ನ ಗುಂಪಿನ ಒಬ್ಬ ಬರೆದದ್ದು: "ನಿನ್ನ ಕೈಲಾಗಲ್ಲ, ಮಾವನ ಮಗ ಪಾಸಾದ, ನೀನು ಹೊಲಾನೇ ಮಾಡು." ಓದಿ ಅವನೇ ನಕ್ಕ. ಆ ಮಾತಿನ ಜೊತೆ ವಾದ ಮಾಡುವ ಬದಲು ಅದರ ಜಾಗಕ್ಕೆ ಎರಡು ಪದ ಇಟ್ಟುಕೊಂಡ: "ಭುಜ ಸಡಿಲ." ಇನ್ನೊಬ್ಬ "ಸಣ್ಣ ಹೆಜ್ಜೆ" ಅಂತಾನೆ. ನಿಮ್ಮ ಭಾಷೆಯಲ್ಲಿ, ನಿಮ್ಮ ಮನೆಯ ಮಾತಿನಲ್ಲಿ ಇರಲಿ. ಮೈಗೆ ಏನು ಮಾಡಬೇಕು ಅಂತ ಹೇಳುವ ಪದ ಆದರೆ ಒಳ್ಳೆಯದು. "ನಾನು ಹುಲಿ" ಅನ್ನುವುದು ಎರಡು ಸುತ್ತಿನ ನಂತರ ಯಾರಿಗೂ ನಂಬಿಕೆ ಬರುವುದಿಲ್ಲ.

ನಾಲ್ಕನೆಯದು ಹೆದರಿಕೆ. ಎದೆ ಢವಢವ, ಅಂಗೈ ಬೆವರು, ಪದೇ ಪದೇ ಮೂತ್ರ. ಇದೆಲ್ಲ ಮೈ ಓಟಕ್ಕೆ ತಯಾರಾಗುವ ರೀತಿ. ಅದನ್ನು ಒತ್ತಿ ಶಾಂತ ಮಾಡಲು ಹೋದರೆ ಇನ್ನೂ ಜಾಸ್ತಿಯಾಗುತ್ತದೆ. 2014ರ ಒಂದು ಅಧ್ಯಯನದಲ್ಲಿ ಹಾಡಲು, ಭಾಷಣ ಮಾಡಲು, ಲೆಕ್ಕ ಬಿಡಿಸಲು ಕೂತವರು "ಶಾಂತವಾಗಿರು" ಅಂದುಕೊಂಡಾಗಿನದಕ್ಕಿಂತ "ನನಗೆ ಹುರುಪು ಬಂದಿದೆ" ಅಂತ ಹೇಳಿಕೊಂಡಾಗ ಚೆನ್ನಾಗಿ ಮಾಡಿದರು. ಓಟವನ್ನು ಅದರಲ್ಲಿ ಪರೀಕ್ಷಿಸಿರಲಿಲ್ಲ, ಆದರೆ ನನ್ನ ಹುಡುಗರಿಗೆ ಕೆಲಸ ಮಾಡಿದೆ. ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಐದು ಸಲ ಮಾಡಿ, ಆಮೇಲೆ "ತಯಾರಿದ್ದೀನಿ" ಅನ್ನಿ.

ಇದರ ಜೊತೆ ಒಂದು ಎಚ್ಚರಿಕೆ. ದಣಿವು ಬೇರೆ, ನೋವು ಬೇರೆ. ಎರಡೂ ಕಾಲಿಗೆ ಸಮನಾಗಿ ಬರುವ ಭಾರ ದಣಿವು, ಅದರ ಜೊತೆ ಮಾತಾಡಬಹುದು. ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವ ಹಾಗೆ ಚುಚ್ಚಿದರೆ ಅದು ಪೆಟ್ಟು. ನಿಲ್ಲಿ. ನೀರಜ್ ಚೋಪ್ರಾ 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಸ್ಪರ್ಧೆಯಿಂದ ದೂರ ಇದ್ದರು. ಸುಧಾರಿಸಿಕೊಂಡದ್ದು ಇದೇ ನಮ್ಮ ತೋರಣಗಲ್ಲಿನ ಕಡೆ. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ 87.58 ಮೀಟರ್ ಎಸೆದರು. ಒಂದು ವರ್ಷ ಕಳೆದುಕೊಂಡರೆ ಜೀವನ ಮುಗಿಯಿತು ಅನ್ನುವವರಿಗೆ ನಾನು ಈ ತಾರೀಕು ಹೇಳುತ್ತೇನೆ.

ಕೊನೆಯ ವಾರ ಮತ್ತು ಆ ದಿನ

ಕೊನೆಯ ಏಳು ದಿನದಲ್ಲಿ ಹೊಸದಾಗಿ ಸ್ಟಾಮಿನಾ ಬರುವುದಿಲ್ಲ. ಓಟವನ್ನು ಅರ್ಧಕ್ಕೆ ಇಳಿಸಿ. ನಡುವೆ ಒಂದು ದಿನ ಎರಡು ಸುತ್ತು ಮಾತ್ರ ಪರೀಕ್ಷೆಯ ವೇಗದಲ್ಲಿ ಓಡಿ, ವೇಗ ನೆನಪಿರಲಿ ಅಂತ. ಹೊಸ ಶೂ, ಹೊಸ ಮಾತ್ರೆ, ಹೊಸ ಊಟ ಯಾವುದೂ ಬೇಡ.

ಬೇರೆ ಊರಿನಲ್ಲಿ ಪರೀಕ್ಷೆ ಇದ್ದರೆ ಹಿಂದಿನ ದಿನ ಮಧ್ಯಾಹ್ನವೇ ತಲುಪಿ. ಲಾಡ್ಜಿನ ದುಡ್ಡು ಉಳಿಸಲು ರಾತ್ರಿ ಬಸ್ಸಿಗೆ ಹೋಗಿ ನಾನು ನೌಕರಿ ಕಳೆದುಕೊಂಡೆ. ಲಾಡ್ಜ್ ಬೇಡದಿದ್ದರೆ ನೆಂಟರ ಮನೆ ಇರುತ್ತದೆ, ಅಲ್ವಾ? ಆದರೆ ನೆಂಟರಿಗೆ ಮೊದಲೇ ಹೇಳಿ, "ಅತ್ತೀ, ಹೋಳಿಗಿ ನಾಳೆ ಬಂದು ಉಣ್ತೀನಿ" ಅಂತ. ಮೈದಾನ ನೋಡಿಕೊಂಡು ಬನ್ನಿ. ಸೂರ್ಯ ಯಾವ ಕಡೆ ಇರುತ್ತಾನೆ, ಮೂರನೇ ಸುತ್ತಿನಲ್ಲಿ ನಿಮಗೆ ಗುರುತಾಗಿ ಸಿಗುವ ಕಂಬವೋ ಗಿಡವೋ ಯಾವುದು ಅಂತ ನೋಡಿಟ್ಟುಕೊಳ್ಳಿ. ರಾತ್ರಿ ಮಲಗಿ ಕಣ್ಣು ಮುಚ್ಚಿ ನಾಲ್ಕೂ ಸುತ್ತು ಓಡಿ. ಗೆದ್ದು ಕೈ ಎತ್ತುವ ಚಿತ್ರ ಬೇಡ. ಮೂರನೇ ಸುತ್ತಿನಲ್ಲಿ ಕಾಲು ಭಾರವಾಗುವುದು, ನಿಮ್ಮ ಎರಡು ಪದ, ಆ ಕಂಬ, ಅಷ್ಟೇ ನೋಡಿ. ನಿದ್ದೆ ಬರದಿದ್ದರೆ ಗಾಬರಿ ಬೇಡ. ಆ ವಾರ ಪೂರ್ತಿ ಚೆನ್ನಾಗಿ ಮಲಗಿದ್ದರೆ ಒಂದು ರಾತ್ರಿ ಕೆಟ್ಟರೂ ನಡೆಯುತ್ತದೆ.

ಬೆಳಗ್ಗೆ ಮಾಮೂಲಿ ತಿಂಡಿ. ಸರದಿ ತಡವಾಗುತ್ತದೆ, ಕಾಯಿಸುತ್ತಾರೆ. ಜೇಬಿನಲ್ಲಿ ಬಾಳೆಹಣ್ಣು, ಬಾಟಲಿಯಲ್ಲಿ ಉಪ್ಪು-ಸಕ್ಕರೆ ನೀರು ಇರಲಿ. ನೆರಳಲ್ಲಿ ಕೂತಿರಿ. ಕಾಯುವಾಗ "ನಾನು 5:40 ಹೊಡಿತೀನಿ" ಅನ್ನುವವರ ಪಕ್ಕ ಕೂರಬೇಡಿ. ಕರೆಯುವ 15 ನಿಮಿಷ ಮೊದಲು ನಿಧಾನ ಓಟ, ಕಾಲು ಬೀಸುವುದು, 60 ಮೀಟರಿನ ಮೂರು ಚುರುಕು ಓಟ.

ಆರೂವರೆ ನಿಮಿಷಕ್ಕೆ ಸುತ್ತಿಗೆ 97.5 ಸೆಕೆಂಡ್ ಬರುತ್ತದೆ. ನೀವು 6:20ಕ್ಕೆ ಯೋಜನೆ ಹಾಕಿ: 94, 96, 97, 93. ಹತ್ತು ಸೆಕೆಂಡ್ ಉಳಿತಾಯ ನೂಕುನುಗ್ಗಲಿಗೆ ಬೇಕಾಗುತ್ತದೆ. ಸೀಟಿ ಊದಿದಾಗ ಮುಕ್ಕಾಲು ಜನ ಕಿತ್ತುಕೊಂಡು ಓಡುತ್ತಾರೆ. ಮೊದಲ ನೂರು ಮೀಟರಿಗೆ ನೀವು ಹಿಂದೆ ಇರುತ್ತೀರಿ, ಹೊರಗೆ ನಿಂತ ಗೆಳೆಯರು "ಓಡೋ, ಓಡೋ" ಅಂತ ಕೂಗುತ್ತಾರೆ. ಅವರ ಮಾತು ಕೇಳಬೇಡಿ. ಎರಡನೇ ಸುತ್ತಿನ ಕೊನೆಗೆ ಮುಂದಿದ್ದವರು ಒಬ್ಬೊಬ್ಬರಾಗಿ ಹತ್ತಿರ ಬರುತ್ತಾರೆ. ಮೂರನೇ ಸುತ್ತಿನಲ್ಲಿ ಅವರನ್ನು ಎಣಿಸುತ್ತಾ ದಾಟಿ. ಎಣಿಸುವ ತಲೆಗೆ ಬೇರೆ ಮಾತು ಕೇಳಿಸುವುದು ಕಡಿಮೆ. ಕೊನೆಯ 300 ಮೀಟರಿಗೆ ಕೈ ಜೋರಾಗಿ ಬೀಸಿ, ಕಾಲು ತಾನೇ ಹಿಂದೆ ಬರುತ್ತದೆ.

ಗೆರೆ ದಾಟಿದ ಮೇಲೆ ತಕ್ಷಣ ಕೂರಬೇಡಿ, ಬೀಳಬೇಡಿ. ಐದು ನಿಮಿಷ ನಡೆಯಿರಿ, ನೀರು ಕುಡಿಯಿರಿ, ಸುತ್ತುಗಳ ಸಮಯ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ, ಒಂದು ಪ್ಲೇಟ್ ಒಗ್ಗಾಣಿ, ನಾಲ್ಕು ಮಿರ್ಚಿ ಹೇಳಿ.